ಡಾಕ್ಟರ ‘ಕೈಗುಣ’ ಕಲಿತು ಬರುವುದೇ? ಬ್ರಿಟನ್ನಿನ ಕುಟುಂಬ ವೈದ್ಯರ ಪರೀಕ್ಷೆಯ ಹಿಂದಿನ ವಿಚಾರ

‘ಆ ಡಾಕ್ಟರ ಕೈಗುಣ ಚೆನ್ನಾಗಿದೆ, ಅವರ ಹತ್ತಿರ ಹೋದರೆ ಅರ್ಧ ಕಾಯಿಲೆ ಅಲ್ಲೇ ವಾಸಿ’ ಎನ್ನುವ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಅದೇ ಮಾತ್ರೆ, ಅದೇ ಇಂಜೆಕ್ಷನ್ ಆದರೂ ಒಬ್ಬರು ಕೊಟ್ಟರೆ ಗುಣವಾಗುತ್ತದೆ, ಇನ್ನೊಬ್ಬರು ಕೊಟ್ಟರೆ ಆಗುವುದಿಲ್ಲ ಎಂಬುದು ಇದರ ಹಿಂದಿನ ನಂಬಿಕೆ. ಕೈಗುಣವಿರುವ ಡಾಕ್ಟರು ಬೇರೆಯವರಿಗಿಂತ ಹೆಚ್ಚಾಗಿ ಏನು ಮಾಡುತ್ತಾರೆ ಎಂದು ಕೇಳಿ ನೋಡಿ. ‘ನಾವು ಹೇಳೋದನ್ನ ಪೂರ್ತಿ ಕೇಳಿಸಿಕೊಳ್ತಾರೆ’, ‘ಏನಾಗಿದೆ ಅಂತ ಬಿಡಿಸಿ ಹೇಳ್ತಾರೆ’ ಎಂಬ ಉತ್ತರ ಬರುತ್ತದೆ. ಅಂದರೆ ಇಲ್ಲಿ ಕೈಗಿಂತ ಕಿವಿ ಮತ್ತು ಬಾಯಿಯ ಕೆಲಸವೇ ಜಾಸ್ತಿ.

ಹಾಗಾದರೆ ಇದು ಹುಟ್ಟಿನಿಂದ ಬರುವ ಗುಣವೇ, ಕಲಿಯಬಹುದಾದ ಕೌಶಲವೇ? ಬ್ರಿಟನ್ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟುಕೊಂಡಿದೆ. ಅಲ್ಲಿ ಕುಟುಂಬ ವೈದ್ಯರಾಗಿ ಸ್ವತಂತ್ರವಾಗಿ ಕೆಲಸ ಮಾಡಬೇಕೆಂದರೆ, ರೋಗಿಯೊಂದಿಗೆ ಹೇಗೆ ಮಾತನಾಡುತ್ತೀರಿ ಎಂಬುದನ್ನೇ ಪರೀಕ್ಷಿಸುವ ಒಂದು ಪರೀಕ್ಷೆಯನ್ನು ಪಾಸು ಮಾಡಬೇಕು. ಭಾರತದಿಂದ ಹೋದ ಅನೇಕ ವೈದ್ಯರ ಬದುಕಿನ ದಿಕ್ಕನ್ನು ಈ ಪರೀಕ್ಷೆ ನಿರ್ಧರಿಸಿದೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಅದರ ಹಿನ್ನೆಲೆಯನ್ನು ಇಲ್ಲಿ ನೋಡೋಣ. ಡಾಕ್ಟರ ಹತ್ತಿರ ಹೋಗುವ ಪ್ರತಿಯೊಬ್ಬರಿಗೂ ಇದರಲ್ಲಿ ಉಪಯೋಗಕ್ಕೆ ಬರುವ ಸಂಗತಿಗಳಿವೆ.

ಪರೀಕ್ಷೆ ಹೇಗಿರುತ್ತದೆ?

ಬ್ರಿಟನ್ನಿನಲ್ಲಿ ಯಾರಿಗೇ ಆಗಲಿ, ತುರ್ತು ಅಲ್ಲದ ತೊಂದರೆ ಬಂದರೆ ಮೊದಲು ನೋಡುವವರು ಜಿಪಿ, ಅಂದರೆ ಜನರಲ್ ಪ್ರಾಕ್ಟೀಷನರ್. ನಮ್ಮ ಕಡೆಯ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ. ತಜ್ಞರ ಹತ್ತಿರ ಹೋಗಬೇಕೆಂದರೂ ಸಾಮಾನ್ಯವಾಗಿ ಇವರೇ ಕಳುಹಿಸಬೇಕು. ಈ ವೈದ್ಯರ ಸಂಸ್ಥೆ ರಾಯಲ್ ಕಾಲೇಜ್ ಆಫ್ ಜನರಲ್ ಪ್ರಾಕ್ಟೀಷನರ್ಸ್. 1952ರಲ್ಲಿ ಶುರುವಾದ ಈ ಸಂಸ್ಥೆ ಕೊಡುವ ‘ಎಂಆರ್‌ಸಿಜಿಪಿ’ ಅರ್ಹತೆ, 2007ರಿಂದ ತರಬೇತಿ ಮುಗಿಸಿ ಜಿಪಿ ಆಗುವವರಿಗೆ ಕಡ್ಡಾಯವಾಗಿದೆ.

ಇದರಲ್ಲಿ ಮೂರು ಭಾಗಗಳಿವೆ. ಒಂದು, ಕಂಪ್ಯೂಟರಿನಲ್ಲಿ ಬರೆಯುವ ವೈದ್ಯಕೀಯ ಜ್ಞಾನದ ಪರೀಕ್ಷೆ. ಎರಡು, ಕೆಲಸದ ಸ್ಥಳದಲ್ಲೇ ವರ್ಷಗಟ್ಟಲೆ ನಡೆಯುವ ಮೌಲ್ಯಮಾಪನ. ಮೂರನೆಯದು ಕನ್ಸಲ್ಟೇಶನ್ನಿನ ಪರೀಕ್ಷೆ. ಇದು 2020ರವರೆಗೆ ಲಂಡನ್ನಿನ ಕೇಂದ್ರದಲ್ಲಿ ಮುಖಾಮುಖಿಯಾಗಿ ನಡೆಯುತ್ತಿತ್ತು. ಕೋವಿಡ್ ಕಾಲದಲ್ಲಿ ಅಭ್ಯರ್ಥಿಗಳು ತಾವು ನೋಡಿದ ನಿಜವಾದ ರೋಗಿಗಳ ಜೊತೆಗಿನ ಮಾತುಕತೆಯ ರೆಕಾರ್ಡಿಂಗ್ ಕಳುಹಿಸುವ ವ್ಯವಸ್ಥೆ ಬಂತು. 2023ರ ನವೆಂಬರಿನಿಂದ ಈಗಿನ ಪದ್ಧತಿ ಜಾರಿಯಲ್ಲಿದೆ. ಅಭ್ಯರ್ಥಿ ತಾನು ಕೆಲಸ ಮಾಡುವ ಕ್ಲಿನಿಕ್ಕಿನಲ್ಲೇ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ವಿಡಿಯೊ ಅಥವಾ ಫೋನ್ ಮೂಲಕ ಒಬ್ಬರಾದ ಮೇಲೆ ಒಬ್ಬರಂತೆ 12 ‘ರೋಗಿಗಳು’ ಬರುತ್ತಾರೆ. ಇವರೆಲ್ಲ ತರಬೇತಿ ಪಡೆದ ಪಾತ್ರಧಾರಿಗಳು. ಒಬ್ಬೊಬ್ಬರಿಗೆ 12 ನಿಮಿಷ. ನಡುವೆ ಮುಂದಿನ ರೋಗಿಯ ವಿವರ ಓದಿಕೊಳ್ಳಲು 3 ನಿಮಿಷ.

ಅಂಕ ಕೊಡುವುದು ಮೂರು ವಿಷಯ ನೋಡಿ. ಬೇಕಾದ ಮಾಹಿತಿಯನ್ನು ಕಲೆಹಾಕಿ ರೋಗವನ್ನು ಸರಿಯಾಗಿ ಊಹಿಸಿದರೇ? ಸೂಕ್ತವಾದ ಚಿಕಿತ್ಸೆಯ ದಾರಿ ಹಾಕಿದರೇ? ರೋಗಿಯನ್ನು ಒಬ್ಬ ಮನುಷ್ಯನಾಗಿ ಕಂಡು ಮಾತನಾಡಿದರೇ? ಮೂರನೆಯದೊಂದರಲ್ಲೇ ಚೆನ್ನಾಗಿ ಮಾಡಿದರೆ ಸಾಲದು. ಮೊದಲೆರಡರಲ್ಲಿ ಮಾತ್ರ ಚೆನ್ನಾಗಿ ಮಾಡಿದರೂ ಸಾಲದು.

ಮಾತುಕತೆಯ ಅಧ್ಯಯನ ಶುರುವಾದದ್ದು

ಇದಕ್ಕೆ ಸುಮಾರು ಎಪ್ಪತ್ತು ವರ್ಷಗಳ ಇತಿಹಾಸವಿದೆ. 1950ರ ದಶಕದಲ್ಲಿ ಹಂಗೇರಿ ಮೂಲದ ಮನೋವಿಶ್ಲೇಷಕ ಮೈಕಲ್ ಬಾಲಿಂಟ್ ಲಂಡನ್ನಿನಲ್ಲಿ ಜಿಪಿಗಳ ಗುಂಪು ಕಟ್ಟಿಕೊಂಡು, ಅವರವರ ಕಷ್ಟದ ರೋಗಿಗಳ ಬಗ್ಗೆ ಚರ್ಚೆ ನಡೆಸುತ್ತಿದ್ದರು. 1957ರಲ್ಲಿ ಬಂದ ಅವರ ಪುಸ್ತಕದ ಮುಖ್ಯ ವಿಚಾರ ನಮ್ಮ ಕೈಗುಣದ ಮಾತಿಗೆ ಹತ್ತಿರವಾದದ್ದು: ಜಿಪಿ ಅತಿ ಹೆಚ್ಚು ಬಳಸುವ ಔಷಧಿ ಸ್ವತಃ ಆ ವೈದ್ಯರೇ. ಆದರೆ ಬಾಲಿಂಟ್ ಅಲ್ಲಿಗೆ ನಿಲ್ಲಲಿಲ್ಲ. ಔಷಧಿ ಎಂದ ಮೇಲೆ ಅದರ ಪ್ರಮಾಣ ಎಷ್ಟು, ಅಡ್ಡಪರಿಣಾಮ ಏನು ಎಂಬುದನ್ನೂ ತಿಳಿಯಬೇಕಲ್ಲವೇ ಎಂದು ಕೇಳಿದರು.

1976ರಲ್ಲಿ ಬರ್ನ್ ಮತ್ತು ಲಾಂಗ್ ಎಂಬ ಇಬ್ಬರು ಸಂಶೋಧಕರು ಸುಮಾರು 2,500 ಕನ್ಸಲ್ಟೇಶನ್‌ಗಳ ಧ್ವನಿಮುದ್ರಣಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಅವರು ಕಂಡ ಮುಖ್ಯ ಸಂಗತಿ: ಹೆಚ್ಚಿನ ವೈದ್ಯರಿಗೆ ಒಂದೇ ಮಾತಿನ ಧಾಟಿ. ಎದುರಿಗೆ ಕೂತವರು ಯಾರೇ ಇರಲಿ, ಕಾಯಿಲೆ ಯಾವುದೇ ಇರಲಿ, ಅದು ಬದಲಾಗುತ್ತಿರಲಿಲ್ಲ. 1984ರಲ್ಲಿ ಡೇವಿಡ್ ಪೆಂಡಲ್‌ಟನ್ ಮತ್ತು ಸಂಗಡಿಗರು, ರೋಗಿ ತನ್ನ ಕಾಯಿಲೆಯ ಬಗ್ಗೆ ಏನು ಅಂದುಕೊಂಡಿದ್ದಾನೆ, ಯಾವುದಕ್ಕೆ ಹೆದರಿದ್ದಾನೆ, ಡಾಕ್ಟರಿಂದ ಏನು ಬಯಸುತ್ತಿದ್ದಾನೆ ಎಂಬ ಮೂರನ್ನು ತಿಳಿಯುವುದು ಕನ್ಸಲ್ಟೇಶನ್ನಿನ ಕೆಲಸದ ಭಾಗವೇ ಎಂದರು. 1987ರಲ್ಲಿ ರೋಜರ್ ನೈಬರ್ ಎಂಬ ಜಿಪಿ ಇದಕ್ಕೆ ‘ಸುರಕ್ಷತಾ ಬಲೆ’ಯ ವಿಚಾರ ಸೇರಿಸಿದರು. ರೋಗಿ ಎದ್ದು ಹೋಗುವ ಮುನ್ನ ವೈದ್ಯರು ಮೂರು ಪ್ರಶ್ನೆ ಹಾಕಿಕೊಳ್ಳಬೇಕು: ನನ್ನ ಊಹೆ ಸರಿಯಿದ್ದರೆ ಮುಂದೆ ಏನಾಗಬೇಕು? ತಪ್ಪಿದ್ದರೆ ಅದು ಹೇಗೆ ಗೊತ್ತಾಗುತ್ತದೆ? ಆಗ ಏನು ಮಾಡಬೇಕು?

ಇವು ಯಾವುವೂ ಸಿಹಿಮಾತಿನ ಪಾಠಗಳಲ್ಲ, ರೋಗ ಪತ್ತೆಯ ಮತ್ತು ಚಿಕಿತ್ಸೆಯ ವಿಧಾನಗಳು. ಇದನ್ನು ಮರೆತಾಗ ಹುಟ್ಟುವ ಮೂರು ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ತಿಳಿವಳಿಕೆ 1: ರೋಗಿಗೆ ಮಾತಾಡಲು ಬಿಟ್ಟರೆ ಹೊತ್ತು ಮುಗಿಯುತ್ತದೆ

1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರಾಂಕಲ್ 74 ಭೇಟಿಗಳ ರೆಕಾರ್ಡಿಂಗ್ ಪರಿಶೀಲಿಸಿದರು. ರೋಗಿ ಮಾತು ಶುರುಮಾಡಿದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದರು. ಬಂದ ಕಾರಣವನ್ನು ಪೂರ್ತಿ ಹೇಳಿ ಮುಗಿಸಲು ಅವಕಾಶ ಸಿಕ್ಕಿದ್ದು 100ಕ್ಕೆ 23 ಭೇಟಿಗಳಲ್ಲಿ ಮಾತ್ರ.

ಹಾಗಾದರೆ ತಡೆಯದೆ ಬಿಟ್ಟರೆ ರೋಗಿ ಎಷ್ಟು ಹೊತ್ತು ಮಾತಾಡುತ್ತಾರೆ? 2002ರಲ್ಲಿ ಪ್ರಕಟವಾದ ಸ್ವಿಟ್ಜರ್‌ಲೆಂಡಿನ ಅಧ್ಯಯನದಲ್ಲಿ 335 ರೋಗಿಗಳನ್ನು ನಡುವೆ ತಡೆಯದೆ ಮಾತಾಡಲು ಬಿಟ್ಟರು. ಸರಾಸರಿ 92 ಸೆಕೆಂಡಿಗೆ ಅವರಾಗಿಯೇ ನಿಲ್ಲಿಸಿದರು. 100ಕ್ಕೆ 78 ಮಂದಿ ಎರಡು ನಿಮಿಷದೊಳಗೆ ಹೇಳಿ ಮುಗಿಸಿದ್ದರು. 12 ನಿಮಿಷದ ಪರೀಕ್ಷೆಯಲ್ಲಿ ಒಂದೂವರೆ ನಿಮಿಷ ಸುಮ್ಮನೆ ಕೇಳಿಸಿಕೊಳ್ಳುವುದು ದುಬಾರಿಯಲ್ಲ. ಆಮೇಲೆ ಕೇಳಬೇಕಾದ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಅದರೊಳಗೇ ಬಂದಿರುತ್ತದೆ.

ಪ್ರಶ್ನೆಯಲ್ಲಿ ಒಂದೇ ಪದ ಬದಲಾದರೂ ಫಲ ಬದಲಾಗುತ್ತದೆ ಎಂಬುದಕ್ಕೂ ಆಧಾರವಿದೆ. 2007ರ ಅಮೆರಿಕದ ಅಧ್ಯಯನವೊಂದರಲ್ಲಿ ಕೆಲವು ಕುಟುಂಬ ವೈದ್ಯರು ‘ಎನಿಥಿಂಗ್ ಎಲ್ಸ್’ ಎಂದು ಕೇಳಿದರು, ಕೆಲವರು ‘ಸಮ್‌ಥಿಂಗ್ ಎಲ್ಸ್’ ಎಂದು ಕೇಳಿದರು. ಮೊದಲನೆಯದು ‘ಇನ್ನೇನೂ ಇಲ್ಲ ತಾನೇ?’ ಎನ್ನುವ ಧಾಟಿಗೆ ಹತ್ತಿರ. ಎರಡನೆಯದು ‘ಇನ್ನೂ ಒಂದು ವಿಷಯ ಹೇಳಬೇಕು ಅಂತಿತ್ತೇನೋ?’ ಎಂಬ ಹಾಗೆ. ಎರಡನೆಯ ಬಗೆಯಲ್ಲಿ ಕೇಳಿದಾಗ, ರೋಗಿ ಹೇಳದೆ ಉಳಿಸಿಕೊಂಡು ಹೋಗುವ ತೊಂದರೆಗಳು ಏನೂ ಕೇಳದಿದ್ದಾಗಿನದಕ್ಕೆ ಹೋಲಿಸಿದರೆ ಶೇ. 78ರಷ್ಟು ಕಡಿಮೆಯಾದವು. ಭೇಟಿಯ ಸಮಯ ಮಾತ್ರ ಹೆಚ್ಚಾಗಲಿಲ್ಲ.

ತಪ್ಪು ತಿಳಿವಳಿಕೆ 2: ರೋಗ ಗೊತ್ತಾಗುವುದು ಟೆಸ್ಟಿನಲ್ಲಿ, ಮಾತಿನಲ್ಲಲ್ಲ

‘ಸುಮ್ಮನೆ ಮಾತಾಡಿಸಿ ಕಳಿಸಿದ್ರು, ಒಂದು ಸ್ಕ್ಯಾನೂ ಬರೆದುಕೊಡಲಿಲ್ಲ’ ಎಂಬ ಬೇಸರ ನಮ್ಮಲ್ಲಿ ಮಾಮೂಲು. 1975ರಲ್ಲಿ ಬ್ರಿಟನ್ನಿನ ಹ್ಯಾಂಪ್ಟನ್ ಮತ್ತು ಸಂಗಡಿಗರು ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಮಂದಿಯ ಮೇಲೆ ಒಂದು ಅಧ್ಯಯನ ಮಾಡಿದರು. ಜಿಪಿ ಬರೆದ ಪತ್ರವನ್ನು ಓದಿ, ರೋಗಿಯ ಮಾತನ್ನು ಕೇಳಿದ ಕೂಡಲೇ ವೈದ್ಯರು ಮಾಡಿದ ಊಹೆ 66 ಮಂದಿಯ ವಿಷಯದಲ್ಲಿ ಕೊನೆಯವರೆಗೂ ಸರಿಯಾಗಿಯೇ ಉಳಿಯಿತು. ದೇಹ ಪರೀಕ್ಷೆಯಿಂದ ಮತ್ತು ಲ್ಯಾಬ್ ಪರೀಕ್ಷೆಯಿಂದ ಬದಲಾದದ್ದು ತಲಾ 7 ಮಂದಿಯದು.

ಇಂದಿನ ಸ್ಕ್ಯಾನ್‌ಗಳು ಅಂದು ಇರಲಿಲ್ಲ, ನಿಜ. ಆದರೆ ಯಾವ ಸ್ಕ್ಯಾನ್ ಬೇಕು, ಯಾರಿಗೆ ಬೇಕು ಎಂಬುದನ್ನು ಇಂದಿಗೂ ತೀರ್ಮಾನಿಸುವುದು ರೋಗಿ ಹೇಳಿದ ಕಥೆಯೇ.

ತಪ್ಪು ತಿಳಿವಳಿಕೆ 3: ಒಳ್ಳೆಯ ಇಂಗ್ಲಿಷ್, ನಾಲ್ಕು ನಯವಾದ ವಾಕ್ಯ ಗೊತ್ತಿದ್ದರೆ ಸಾಕು

ಪರೀಕ್ಷೆಗೆ ಓದುವವರಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಇದು. ಸಹಾನುಭೂತಿಯ ವಾಕ್ಯಗಳನ್ನು ಉರು ಹೊಡೆದು, ಪಟ್ಟಿಯಂತೆ ಒಪ್ಪಿಸುವುದು. ನಾವೇ ಹೆಣೆದ ಒಂದು ಉದಾಹರಣೆಯಿಂದ ಇದನ್ನು ನೋಡೋಣ.

42 ವರ್ಷದ ಟ್ಯಾಕ್ಸಿ ಚಾಲಕ ಬರುತ್ತಾನೆ. ‘ನಾಲ್ಕೈದು ತಿಂಗಳಿಂದ ತಲೆನೋವು. ಮೆಡಿಕಲ್ ಶಾಪಿನ ಮಾತ್ರೆ ಈಗ ನಾಟುತ್ತಿಲ್ಲ, ಇನ್ನೂ ಸ್ಟ್ರಾಂಗ್ ಆದದ್ದು ಕೊಡಿ. ಹೆಂಡತಿ ಬಲವಂತ ಮಾಡಿದಳು ಅಂತ ಬಂದೆ’ ಎನ್ನುತ್ತಾನೆ.

ಮೊದಲ ಅಭ್ಯರ್ಥಿ ‘ಓಹ್, ಕೇಳಿ ಬೇಸರವಾಯಿತು’ ಎನ್ನುತ್ತಾರೆ. ನೋವು ಎಲ್ಲಿ, ಯಾವಾಗ, ವಾಂತಿ ಇದೆಯಾ, ಕಣ್ಣು ಮಂಜಾಗುತ್ತದಾ ಎಂದು ಒಂದರ ಹಿಂದೆ ಒಂದು ಕೇಳುತ್ತಾರೆ. ಎಂಟು ನಿಮಿಷ ಕಳೆದ ಮೇಲೆ ನೆನಪಾಗಿ, ‘ಇದರ ಬಗ್ಗೆ ನಿಮ್ಮ ಅಭಿಪ್ರಾಯ ಏನು? ನಿಮ್ಮ ಆತಂಕ ಏನು? ನಿಮ್ಮ ನಿರೀಕ್ಷೆ ಏನು?’ ಎಂದು ಮೂರನ್ನೂ ಒಟ್ಟಿಗೆ ಕೇಳುತ್ತಾರೆ. ರೋಗಿ, ‘ನೀವು ಡಾಕ್ಟರ್, ನೀವೇ ಹೇಳಬೇಕು’ ಎನ್ನುತ್ತಾನೆ. ಪುಸ್ತಕದಲ್ಲಿರುವ ಪ್ರಶ್ನೆಗಳನ್ನೆಲ್ಲ ಕೇಳಿದ್ದಾಯಿತು, ತಿಳಿದದ್ದು ಮಾತ್ರ ಏನೂ ಇಲ್ಲ.

ಎರಡನೆಯ ಅಭ್ಯರ್ಥಿ ರೋಗಿಯ ಮಾತಿನಲ್ಲೇ ಬಂದ ಎರಡು ಎಳೆಗಳನ್ನು ಹಿಡಿಯುತ್ತಾರೆ. ‘ಹೆಂಡತಿ ಬಲವಂತ ಮಾಡಿದರು ಅಂದಿರಿ. ಅವರಿಗೆ ಏನು ಅನ್ನಿಸಿತ್ತು?’ ಆಗ, ಅವನ ಜೊತೆ ಕೆಲಸ ಮಾಡುತ್ತಿದ್ದವನೊಬ್ಬ ಮೆದುಳಿನ ಗೆಡ್ಡೆಯಿಂದ ತೀರಿಕೊಂಡ ವಿಷಯ ಹೊರಬರುತ್ತದೆ. ‘ಅಂಗಡಿಯ ಮಾತ್ರೆ ನಾಟುತ್ತಿಲ್ಲ ಅಂದಿರಿ. ದಿನ ಹೇಗೆ ತೆಗೆದುಕೊಳ್ಳುತ್ತೀರಿ, ಸ್ವಲ್ಪ ಬಿಡಿಸಿ ಹೇಳಿ.’ ಕೊಡೀನ್ ಬೆರೆತ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ದಿನವೂ ನುಂಗುತ್ತಿರುವುದು ತಿಳಿಯುತ್ತದೆ.

ಇಲ್ಲಿಗೆ ರೋಗದ ಸುಳಿವೇ ಸಿಕ್ಕಿತು. ತಲೆನೋವಿನ ಮಾತ್ರೆಯನ್ನು ಅತಿಯಾಗಿ ತೆಗೆದುಕೊಳ್ಳುವುದರಿಂದಲೇ ತಲೆನೋವು ಬರುವುದುಂಟು. ಕೊಡೀನ್ ಇರುವ ಮಾತ್ರೆಯನ್ನು ತಿಂಗಳಿಗೆ 10 ದಿನ ಅಥವಾ ಅದಕ್ಕಿಂತ ಹೆಚ್ಚು, ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆಯನ್ನು 15 ದಿನ ಅಥವಾ ಅದಕ್ಕಿಂತ ಹೆಚ್ಚು, ಮೂರು ತಿಂಗಳು ಮೀರಿ ತೆಗೆದುಕೊಂಡಿದ್ದರೆ ವೈದ್ಯರು ಈ ಅನುಮಾನ ಪಡಬೇಕು. ಇದಕ್ಕೆ ಚಿಕಿತ್ಸೆ ಆ ಮಾತ್ರೆಯನ್ನು ನಿಲ್ಲಿಸುವುದು. ನಿಲ್ಲಿಸಿದ ಮೊದಲ ದಿನಗಳಲ್ಲಿ ನೋವು ಇನ್ನೂ ಹೆಚ್ಚಾಗಿ, ಆಮೇಲೆ ಇಳಿಯುತ್ತದೆ.

ಈಗ ವೈದ್ಯರ ಮುಂದಿರುವ ಕೆಲಸ ನೋಡಿ. ಸ್ಟ್ರಾಂಗ್ ಮಾತ್ರೆ ಕೇಳಿಕೊಂಡು ಬಂದವನಿಗೆ, ಇರುವ ಮಾತ್ರೆಯನ್ನೂ ಬಿಡು ಎನ್ನಬೇಕು. ನೋವು ಮೊದಲು ಜಾಸ್ತಿಯಾಗುತ್ತದೆ ಎಂದೂ ಹೇಳಬೇಕು. ಗೆಡ್ಡೆಯ ಭಯವನ್ನು ಪರೀಕ್ಷಿಸಿ ನಿವಾರಿಸದೆ ಇದನ್ನು ಹೇಳಿದರೆ ಅವನು ಒಪ್ಪುತ್ತಾನೆಯೇ? ಡ್ರೈವಿಂಗ್ ಕೆಲಸದ ನಡುವೆ ಇದನ್ನು ಯಾವಾಗ ಶುರು ಮಾಡುವುದೆಂದು ಅವನ ಜೊತೆಗೇ ಕೂತು ಯೋಚಿಸಬೇಕು. ದಿಢೀರನೆ ಸಹಿಸಲಾಗದ ತಲೆನೋವು ಬಂದರೆ, ಕೈಕಾಲು ಶಕ್ತಿಗುಂದಿದರೆ, ಮಾತು ತೊದಲಿದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ ತಡಮಾಡದೆ ಬರಬೇಕೆಂದು ಹೇಳಿ ಕಳುಹಿಸಬೇಕು. ಇದೇ ನೈಬರ್ ಹೇಳಿದ ಸುರಕ್ಷತಾ ಬಲೆ.

ಎರಡನೆಯ ಅಭ್ಯರ್ಥಿಯ ಇಂಗ್ಲಿಷ್ ಮೊದಲನೆಯವರಿಗಿಂತ ಉತ್ತಮವಾಗಿರಬೇಕೆಂದೇನಿಲ್ಲ. ಅವರು ಕೇಳಿಸಿಕೊಂಡರು, ಕೇಳಿಸಿಕೊಂಡದ್ದನ್ನು ಮುಂದಿನ ಪ್ರಶ್ನೆಗೆ ಬಳಸಿಕೊಂಡರು.

ಭಾರತದ ವೈದ್ಯರು ಮತ್ತು ಕೋರ್ಟಿನ ಮೊಕದ್ದಮೆ

ಹಾಗಾದರೆ ಹೊರದೇಶದಲ್ಲಿ ಓದಿ ಬಂದ ವೈದ್ಯರು ಇದರಲ್ಲಿ ಹೆಚ್ಚು ಸಂಖ್ಯೆಯಲ್ಲಿ ಫೇಲಾಗುವುದೇಕೆ? 2013ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅನೀಜ್ ಇಸ್ಮಾಯಿಲ್ ಮತ್ತು ಕ್ರಿಸ್ ರಾಬರ್ಟ್ಸ್ 5,095 ಅಭ್ಯರ್ಥಿಗಳ ಫಲಿತಾಂಶವನ್ನು ವಿಶ್ಲೇಷಿಸಿದರು. ಹೊರದೇಶದಲ್ಲಿ ಓದಿದವರಷ್ಟೇ ಅಲ್ಲ, ಬ್ರಿಟನ್ನಿನಲ್ಲೇ ಓದಿದ ಕಪ್ಪು ಮತ್ತು ಏಷ್ಯಾ ಮೂಲದ ವೈದ್ಯರೂ ಬಿಳಿಯರಿಗಿಂತ ಹೆಚ್ಚಾಗಿ ಮೊದಲ ಪ್ರಯತ್ನದಲ್ಲಿ ಫೇಲಾಗುತ್ತಿದ್ದರು. ಜನಾಂಗೀಯ ಪಕ್ಷಪಾತ ಇದಕ್ಕೆ ಒಂದು ಕಾರಣವಾಗಿರಬಹುದು ಎಂಬುದನ್ನು ತಳ್ಳಿಹಾಕಲಾಗದು ಎಂದು ಅವರು ಬರೆದರು.

ಬ್ರಿಟನ್ನಿನಲ್ಲಿರುವ ಭಾರತೀಯ ಮೂಲದ ವೈದ್ಯರ ಸಂಘ ‘ಬಾಪಿಯೊ’ ಹೈಕೋರ್ಟಿಗೆ ಹೋಯಿತು. 2014ರ ಏಪ್ರಿಲ್‌ನಲ್ಲಿ ನ್ಯಾಯಾಧೀಶರು, ಪರೀಕ್ಷೆ ಕಾನೂನುಬದ್ಧವಾಗಿದೆ ಎಂದು ತೀರ್ಪಿತ್ತರು. ಜೊತೆಗೆ, ಈ ಅಂತರವನ್ನು ಕಡಿಮೆ ಮಾಡಲು ಕಾಲೇಜು ಕ್ರಮ ಕೈಗೊಳ್ಳಬೇಕಾದ ಸಮಯ ಬಂದಿದೆ ಎಂದೂ ಹೇಳಿದರು. ಅಂತರ ಇಂದಿಗೂ ಪೂರ್ತಿ ಮುಚ್ಚಿಲ್ಲ.

ಇದನ್ನು ‘ನಮ್ಮವರಿಗೆ ಮಾತು ಬರುವುದಿಲ್ಲ’ ಎಂದು ಓದಿಕೊಂಡರೆ ತಪ್ಪಾಗುತ್ತದೆ. ಬೆಳಗಿನಿಂದ ಸಾಲು ನಿಂತ ನೂರಾರು ಜನರನ್ನು ನೋಡಿ ಮುಗಿಸಬೇಕಾದ ಒಪಿಡಿಯಲ್ಲಿ ತಯಾರಾದ ವೈದ್ಯರಿಗೆ ಬೇಗ ಬೇಗ ಪ್ರಶ್ನೆ ಕೇಳಿ ಬೇಗ ತೀರ್ಮಾನಿಸುವುದೇ ಕೌಶಲ. ಅಲ್ಲಿ ಅದು ಜೀವ ಉಳಿಸುತ್ತದೆ. ನಮ್ಮಲ್ಲಿ ಎಷ್ಟೋ ರೋಗಿಗಳು ‘ನೀವು ಹೇಳಿದ ಹಾಗೆ ಡಾಕ್ಟ್ರೇ’ ಎನ್ನುತ್ತಾರೆ, ಅವರ ಪರವಾಗಿ ಮಗನೋ ಗಂಡನೋ ಉತ್ತರ ಹೇಳುತ್ತಾರೆ. ಬ್ರಿಟನ್ನಿನ ಕಟ್ಟಳೆ ಬೇರೆ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಾಂಟ್ಗೊಮೆರಿ ಪ್ರಕರಣದ ತೀರ್ಪಿನಲ್ಲಿ, ಆ ರೋಗಿಗೆ ಮುಖ್ಯವೆನಿಸುವ ಅಪಾಯಗಳನ್ನೂ ಇರುವ ಬೇರೆ ದಾರಿಗಳನ್ನೂ ತಿಳಿಸುವುದು ವೈದ್ಯರ ಕರ್ತವ್ಯ ಎಂದಿತು. ಅಂದರೆ ರೋಗಿಯನ್ನು ತೀರ್ಮಾನದಲ್ಲಿ ಸೇರಿಸಿಕೊಳ್ಳುವುದು ಅಲ್ಲಿ ಕಾನೂನಿನ ಮಾತೂ ಹೌದು. ಹೊಸಬರಾಗಿ ಬಂದವರು ಈ ಬೇರೆ ಕಟ್ಟಳೆಯನ್ನು ತಾವಾಗಿಯೇ ಊಹಿಸಿಕೊಳ್ಳಲಿ ಎಂದು ಬಿಡುವುದು ನ್ಯಾಯವಲ್ಲ. ಅದನ್ನು ಕಲಿಸಬೇಕು, ಪರೀಕ್ಷೆಯನ್ನೂ ಆಗಾಗ ಪರೀಕ್ಷಿಸುತ್ತಿರಬೇಕು.

ಇದನ್ನು ಕಲಿಯುವುದು ಹೇಗೆ?

ಈಜುವುದನ್ನು ಪುಸ್ತಕ ಓದಿ ಕಲಿಯಲಾಗದ ಹಾಗೆಯೇ ಇದೂ. ಬ್ರಿಟನ್ನಿನ ತರಬೇತಿಯಲ್ಲಿ ರೋಗಿಯ ಒಪ್ಪಿಗೆ ಪಡೆದು ನಿಜವಾದ ಕನ್ಸಲ್ಟೇಶನ್ ಅನ್ನು ವಿಡಿಯೊ ಮಾಡುತ್ತಾರೆ. ಆಮೇಲೆ ತರಬೇತುದಾರರ ಜೊತೆ ಕೂತು ಅದನ್ನು ನೋಡುತ್ತಾರೆ. ಎಲ್ಲಿ ರೋಗಿಯ ಮಾತು ಕತ್ತರಿಸಿದೆ, ಯಾವ ಸುಳಿವು ಕೈತಪ್ಪಿತು ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ. ಪೆಂಡಲ್‌ಟನ್ ಹೇಳಿಕೊಟ್ಟ ಕ್ರಮದಲ್ಲಿ, ಚೆನ್ನಾಗಿ ಆದದ್ದನ್ನು ಮೊದಲು ಹೇಳುತ್ತಾರೆ. ಸುಧಾರಿಸಬೇಕಾದದ್ದು ಅದರ ನಂತರ.

ಮೂರ್ನಾಲ್ಕು ಮಂದಿ ಸೇರಿ ಒಬ್ಬರು ರೋಗಿ, ಒಬ್ಬರು ವೈದ್ಯ, ಉಳಿದವರು ಗಮನಿಸುವವರು ಎಂದು ಪಾಳಿ ಹಚ್ಚಿಕೊಂಡು ಮಾಡುವ ಅಭ್ಯಾಸವೂ ಉಪಯುಕ್ತ. ರೋಗಿಯ ಪಾತ್ರ ಮಾಡಿದವರಿಗೆ, ತಮ್ಮ ಮಾತಿಗೆ ಎದುರಿನವರು ಗಮನ ಕೊಡದಿದ್ದಾಗ ಏನನ್ನಿಸುತ್ತದೆ ಎಂಬುದು ಅನುಭವಕ್ಕೆ ಬರುತ್ತದೆ. ಒಂದು ಸಲಕ್ಕೆ ಒಂದೇ ಅಭ್ಯಾಸ ಇಟ್ಟುಕೊಳ್ಳುವುದು ಒಳ್ಳೆಯದು: ಈ ವಾರ ಮೊದಲ ಒಂದೂವರೆ ನಿಮಿಷ ನಡುವೆ ಮಾತಾಡದಿರುವುದು, ಮುಂದಿನ ವಾರ ಕೊನೆಯಲ್ಲಿ ಸುರಕ್ಷತಾ ಬಲೆ ಮರೆಯದಿರುವುದು. ವಿವರಿಸಿದ್ದು ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಅದರ ಬದಲು, ‘ಮನೆಗೆ ಹೋಗಿ ಇದನ್ನ ಹೇಗೆ ಹೇಳ್ತೀರಿ?’ ಎಂದು ಅವರ ಬಾಯಿಂದಲೇ ಹೇಳಿಸಿದರೆ ನಿಜ ಗೊತ್ತಾಗುತ್ತದೆ.

ನಮ್ಮಲ್ಲಿ ಇದರಿಂದ ಏನು ಪ್ರಯೋಜನ?

67 ದೇಶಗಳ ಮಾಹಿತಿ ಒಟ್ಟುಮಾಡಿ 2017ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು ಎರಡು ನಿಮಿಷ. ಎರಡು ನಿಮಿಷದಲ್ಲಿ ಎಂಥ ವೈದ್ಯರಾದರೂ ಎಷ್ಟು ಕೇಳಿಸಿಕೊಳ್ಳಲು ಸಾಧ್ಯ? ವೈದ್ಯರ ಸಂಖ್ಯೆ ಹೆಚ್ಚದೆ ಬರೀ ಕೌಶಲದಿಂದ ಇದು ಬಗೆಹರಿಯುವುದಿಲ್ಲ. ಆದರೂ ಒಂದು ಬದಲಾವಣೆ ಆಗಿದೆ. 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಆರಂಭಿಸಿ, ನಮ್ಮ ಪಠ್ಯಕ್ರಮದಲ್ಲೂ ನಡವಳಿಕೆ, ನೀತಿ ಮತ್ತು ಸಂವಹನದ ಪಾಠಗಳು ಕಡ್ಡಾಯವಾಗಿವೆ.

ಸಮಯ ಕಡಿಮೆ ಇರುವಲ್ಲಿ ರೋಗಿಗಳಾದ ನಾವೂ ಸ್ವಲ್ಪ ತಯಾರಾಗಿ ಹೋಗಬಹುದು.

- ಅತಿ ಮುಖ್ಯವಾದ ತೊಂದರೆಯನ್ನು ಮೊದಲೇ ಹೇಳಿ, ಎದ್ದು ಹೊರಡುವಾಗ ಬಾಗಿಲ ಹತ್ತಿರ ಅಲ್ಲ.
- ಅಂಗಡಿಯಿಂದ ತಂದ ಮಾತ್ರೆ, ನಾಟಿ ಔಷಧಿ ಸೇರಿ ಏನೇನು ತೆಗೆದುಕೊಳ್ಳುತ್ತಿದ್ದೀರಿ ಎಂದು ತಿಳಿಸಿ. ಚೀಟಿಯಲ್ಲಿ ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.
- ಮನಸ್ಸಿನಲ್ಲಿ ಯಾವ ಕಾಯಿಲೆಯ ಭಯವಿದೆಯೋ ಅದನ್ನು ಬಾಯಿಬಿಟ್ಟು ಹೇಳಿ. ‘ಕ್ಯಾನ್ಸರ್ ಇರಬಹುದಾ ಅಂತ ಹೆದರಿಕೆ’ ಎನ್ನುವುದರಲ್ಲಿ ನಾಚಿಕೆಯೇನೂ ಇಲ್ಲ.
- ಹೊರಡುವ ಮೊದಲು ಒಂದು ಪ್ರಶ್ನೆ ಕೇಳಿ: ‘ಇದು ಎಷ್ಟು ದಿನದಲ್ಲಿ ಕಡಿಮೆ ಆಗಬೇಕು, ಏನಾದರೆ ನಾನು ತಕ್ಷಣ ವಾಪಸ್ ಬರಬೇಕು?’

ಈ ಕೊನೆಯ ಪ್ರಶ್ನೆಯನ್ನು ಡಾಕ್ಟರು ತಾವಾಗಿ ಹೇಳದಿದ್ದರೂ ನೀವು ಕೇಳಬಹುದು. ಕೇಳಿದ್ದಕ್ಕೆ ಒಳ್ಳೆಯ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಕೈಗುಣದ ಅರ್ಧ ಭಾಗ ಇರುವುದೇ ಅಂಥ ಪ್ರಶ್ನೆಗೆ ಅವರು ಕೊಡುವ ಉತ್ತರದಲ್ಲಿ.